ಒಂದು ಡಬ್ಬಿ, ಹದಿನಾರು ಸದ್ದು

ಹಾಡು ಹಿಡಿಸಿದರೆ ಹಾಡಿದವರ ಹೆಸರು ಕೇಳ್ತೀವಿ, ಬರೆದವರ ಹೆಸರು ಕೇಳ್ತೀವಿ. ತೆರೆಯ ಮೇಲೆ ತುಟಿ ಆಡಿಸಿದವರಿಗಂತೂ ಶಿಳ್ಳೆ ಹೊಡೆದು ಗಂಟಲು ಹರಿದುಕೊಳ್ತೀವಿ. ಗಿಟಾರು ನುಡಿಸಿದವ ಯಾರಪ್ಪಾ ಅಂತ ಕೇಳಿದ ಪುಣ್ಯಾತ್ಮರು ಎಷ್ಟು ಜನ? ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ವರ್ಷಗಟ್ಟಲೆ ಗಿಟಾರು ಹಿಡಿದು ಕೂತಿದ್ದವರು ಇಳಯರಾಜ ಎನ್ನುವುದು ಎಷ್ಟೋ ಕನ್ನಡ ಚಿತ್ರರಸಿಕರಿಗೆ ಇವತ್ತಿಗೂ ಗೊತ್ತಿಲ್ಲ. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂದು ಹುಡುಗರೆಲ್ಲ ಹುಚ್ಚಾದಾಗ, ಆ ಸಂಗೀತದ ಹಿಂದೆ ಒಬ್ಬ ಗಿಟಾರಿನವನ ಬೆರಳು ಇತ್ತು ಮಾರಾಯರೇ!

ಇರಲಿ. ಈ ವಾರ ಗಿಟಾರಿನವನ ಬೆರಳಿನ ಮಾತಲ್ಲ, ಕಾಲಿನ ಮಾತು. ಕಾಲಡಿಯಲ್ಲಿ ಇಟ್ಟು ಒತ್ತುವ ಡಬ್ಬಿಯ ಮಾತು. ಅದಕ್ಕೆ ಪೆಡಲ್ ಅಂತಾರೆ. ಕಾರಣ, ಅಂಕಲಿಯ ಒಬ್ಬ ಓದುಗ ತಮ್ಮ ಬರೆದ ಪತ್ರ. ಸಾಂಗ್ಲಿ ಮಗ್ಗುಲಿನ ಅಂಕಲಿ ಅಲ್ಲ, ನಮ್ಮ ಚಿಕ್ಕೋಡಿ ತಾಲ್ಲೂಕಿನದು. ಜ್ಯೇಷ್ಠದಲ್ಲಿ ಆಳಂದಿಯ ಜ್ಞಾನೇಶ್ವರ ಪಾಲಖಿಗೆ ಶಿತೋಳೆ ಸರಕಾರರ ಕುದುರೆಗಳು ಹೊರಡುವ ಊರು.

“ಅಣ್ಣಾ, ಗಣಪತಿ ಸೀಜನ್ ಮುಗಿದ ಮ್ಯಾಲ ಆರ್ಕೆಸ್ಟ್ರಾದಾಗ ನನಗ ಜಾಗಾ ಇಲ್ಲಂತ್ರಿ. ಕೀಬೋರ್ಡಿನ್ಯಾಗ ಗಿಟಾರಿನ ಸದ್ದು ಐತಿ, ನಿನಗ ಬ್ಯಾರೆ ರೊಕ್ಕ ಯಾಕ ಕೊಡೂದು ಅಂತಾರ ಮಾಲಕರು. ಒಂದು ಮಾಡ್ಯುಲೇಶನ್ ಪೆಡಲ್ ತಗೊಂಡ್ರ ಉಳೀತೀನೇನ್ರಿ? ನಮ್ಮವ್ವ ಸಂಘದಾಗ ಸಾಲಾ ತಗದು ಕೊಡ್ತೀನಿ ಅನ್ನಾಕತ್ತಾಳ.”

ಆ ಕಡೇ ಸಾಲು ಓದಿದ ಮೇಲೆ ಉತ್ತರವನ್ನು ಪೋಸ್ಟಿಗೆ ಹಾಕಿ ಸುಮ್ಮನಿರಲಿಕ್ಕೆ ಮನಸ್ಸು ಬರಲಿಲ್ಲ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಅಂಕಲಿಗೇ ಹೋದೆ.

ಮೊದಲು ಈ ಮಾಡ್ಯುಲೇಶನ್ ಅಂದರೇನು ಅಂತ ಹೇಳಿಬಿಡ್ತೀನಿ. ಪಿಯುಸಿ ಅರ್ಧಕ್ಕೆ ಬಿಟ್ಟವನ ಭೌತಶಾಸ್ತ್ರ ಇದು, ಆದರೂ ಲೆಕ್ಕ ಸರಿಯಿದೆ. ಜಾತ್ರೆಯಲ್ಲಿ ಎರಡು ಲೌಡ್‌ಸ್ಪೀಕರ್ ಕಟ್ಟಿರ್ತಾರೆ. ಒಂದು ನಿಮ್ಮ ಹತ್ತಿರ, ಇನ್ನೊಂದು ಏಳು ಮೀಟರ್ ಹಿಂದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಅಂದರೆ ಹಿಂದಿನದರ ಸದ್ದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ತಡವಾಗಿ ಕಿವಿಗೆ ಬೀಳುತ್ತೆ. ಈಗ ಆ ಹಿಂದಿನ ಸ್ಪೀಕರನ್ನು ಒಬ್ಬ ಹೆಗಲ ಮೇಲೆ ಹೊತ್ತು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ನಡೆದಾಡ್ತಾನೆ ಅಂದುಕೊಳ್ಳಿ. ತಡ ಹೆಚ್ಚು ಕಮ್ಮಿ ಆಗುತ್ತೆ, ಶ್ರುತಿ ಕೂದಲೆಳೆಯಷ್ಟು ಏರಿ ಇಳಿಯುತ್ತೆ. ಒಂದೇ ಗಿಟಾರು ಇಬ್ಬರು ಕೂಡಿ ನುಡಿಸಿದ ಹಾಗೆ ಕೇಳುತ್ತೆ. ಭಜನೆಯಲ್ಲಿ ಇಬ್ಬರು ಒಂದೇ ಸೊಲ್ಲು ಹಾಡಿದಾಗ ದನಿ ತುಂಬಿಕೊಳ್ಳುತ್ತಲ್ಲ, ಹಾಗೆ. ಇದೇ ಕೋರಸ್. ಆ ತಡವನ್ನು ಇನ್ನೂ ಚಿಕ್ಕದು ಮಾಡಿ, ಹೊರಬಂದ ಸದ್ದನ್ನೇ ಮತ್ತೆ ಒಳಗೆ ತಿರುಗಿಸಿದರೆ ವಿಮಾನ ನೆತ್ತಿಯ ಮೇಲೆ ಹಾರಿದಂತೆ ಝುಯ್ ಅನ್ನುತ್ತೆ. ಅದು ಫ್ಲ್ಯಾಂಜರ್. ಫೇಸರ್ ಅವನ ದಾಯಾದಿ, ಆದರೆ ಸ್ವಲ್ಪ ಮೆತ್ತಗಿನ ಆಸಾಮಿ. ಟ್ರೆಮೊಲೊ ಅಂದರೆ ಬರೀ ಸದ್ದಿನ ಏರಿಳಿತ. ಚಿಕ್ಕವರಿದ್ದಾಗ ಟೇಬಲ್ ಫ್ಯಾನಿನ ಮುಂದೆ ಬಾಯಿ ಇಟ್ಟು ಆ... ಅಂದಿಲ್ವಾ? ಹೆಚ್ಚುಕಮ್ಮಿ ಅದೇ.

ಈ ತಡ ಮಾಡುವ ಚಿಪ್ಪಿನ ಉಪಾಯವನ್ನು 1969ರಲ್ಲಿ ಫಿಲಿಪ್ಸ್ ಕಂಪನಿಯವರು ಕಂಡುಹಿಡಿದರು. ಸ್ಲ್ಯಾಬು ಹಾಕುವಾಗ ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸ್ತಾರಲ್ಲ, ಆ ಚಿಪ್ಪಿನೊಳಗೆ ಸದ್ದು ಹಾಗೇ ದಾಟಿಕೊಂಡು ಹೋಗುತ್ತೆ. ದಾಟುವ ಹೊತ್ತೇ ತಡ. ಜಪಾನಿನ ರೋಲ್ಯಾಂಡ್ ಕಂಪನಿ 1975ರಲ್ಲಿ ಕೋರಸ್ ಇರುವ ಆಂಪ್ಲಿಫೈಯರ್ ತಂದಿತು. ಮರುವರ್ಷ ಅದರೊಳಗಿನ ಕೋರಸ್ಸನ್ನೇ ಬಿಚ್ಚಿ ಬಾಸ್ ಹೆಸರಿನಲ್ಲಿ ಸಿಇ-1 ಅನ್ನೋ ಪೆಡಲ್ ಮಾಡಿತು. ಫೇಸರ್ ಅದಕ್ಕೂ ಮುಂಚಿನದು. ಒಂದೇ ಗುಬುಟಿನ ಕಿತ್ತಳೆ ಬಣ್ಣದ ಫೇಸ್ 90 ಬಂದದ್ದು 1974ರಲ್ಲಿ. ನಮ್ಮ ಹಿಂದಿ ಸಿನಿಮಾದವರು ಹಿಂದೆ ಬಿದ್ದರು ಅಂದುಕೊಳ್ಳಬೇಡಿ. 1977ರ ‘ಕಿತಾಬ್’ ಚಿತ್ರದಲ್ಲಿ ಆರ್.ಡಿ. ಬರ್ಮನ್ ತಾವೇ ಹಾಡಿದ ರೈಲಿನ ಹಾಡು ಇದೆಯಲ್ಲ, ಹೆಡ್‌ಫೋನ್ ಹಾಕಿ ಕೇಳಿ. ಗಿಟಾರಿನ ಸದ್ದು ಸುಳಿಸುಳಿಯಾಗಿ ಸುತ್ತುತ್ತೆ!

ಈಗ ಅಂಕಲಿಯ ಹುಡುಗನ ಕಷ್ಟಕ್ಕೆ ಬರೋಣ. ಅವರ ಆರ್ಕೆಸ್ಟ್ರಾ ನುಡಿಸೋದು ಗಡಿನಾಡಿನಲ್ಲಿ. ಒಂದೇ ರಾತ್ರಿ, ಒಂದೇ ಪೆಂಡಾಲು. ರಾಜನ್-ನಾಗೇಂದ್ರ ಬೇಕು, ಹಂಸಲೇಖ ಬೇಕು, ಹನ್ನೊಂದು ಗಂಟೆಗೆ ಮರಾಠಿ ಲಾವಣಿ ಬೇಕು, ನಡುವೆ ಹಿಂದಿ ಡಿಸ್ಕೊ ಬೇಕು. ಸ್ಟುಡಿಯೋದ ಗಿಟಾರಿನವನಿಗೆ ಒಂದು ಹಾಡಿಗೆ ಒಂದು ಸದ್ದು ಸಾಕು. ಇವನಿಗೆ ಮೂವತ್ತು ಹಾಡಿಗೆ ಮೂವತ್ತು ಬಣ್ಣ. ಒಂದೊಂದು ಸದ್ದಿಗೆ ಒಂದೊಂದು ಪೆಡಲ್ ಕೊಂಡರೆ ಮನೆ ಮಾರಬೇಕು. ಹೀಗಾಗಿ ಎಲ್ಲಾ ಒಂದರಲ್ಲೇ ಇರುವ ಡಬ್ಬಿ ಇವನಿಗೆ ಶೋಕಿ ಅಲ್ಲ, ಕಸುಬಿನ ಉಪಕರಣ.

ಅಂಥ ಡಬ್ಬಿಗಳು ಇವೆ. ಸ್ಟ್ರೈಮನ್ ಕಂಪನಿಯ ಮೋಬಿಯಸ್ 2012ರಲ್ಲಿ ಬಂತು, ಬಾಸ್‌ನ ಎಂಡಿ-500 ಬಂದದ್ದು 2017ರಲ್ಲಿ. ಎರಡರಲ್ಲೂ ಹನ್ನೆರಡು ಬಗೆ. ನಮಗೆ ಬೇಕಾದ ಸದ್ದನ್ನು ಕೂಡಿಸಿಟ್ಟು ಕಾಲಲ್ಲಿ ಕರೆಯಬಹುದು. ಚೆಂದ ಇವೆ, ಇಲ್ಲ ಅನ್ನೋದಿಲ್ಲ. ಆದರೆ ಬೆಲೆ ಐದಂಕಿ. ಸಂಘದ ಸಾಲಕ್ಕೆ ವಾರವಾರ ಕಂತು. ಹಾಡು ಹತ್ತು ತಿಂಗಳು ಇಲ್ಲದಿದ್ದರೂ ಕಂತು ನಿಲ್ಲೋದಿಲ್ಲ. ಅವರವ್ವನ ಎದುರಿಗೇ ಹೇಳಿದೆ: “ಇದಕ್ಕ ಸಾಲಾ ಮಾಡಬ್ಯಾಡ್ರಿ ಅವ್ವಾ.”

ಆಮೇಲೆ ಹುಡುಗನಿಗೆ ಪೆಡಲ್ ಗಿಡಲ್ ಏನೂ ಇಲ್ಲದೆ ನುಡಿಸು ಅಂದೆ. ಯಾಕಂದರೆ ಕೈ ಕೆಟ್ಟಿದ್ದರೆ ಹನ್ನೆರಡು ಬಗೆಯಲ್ಲಿ ಕೆಟ್ಟದಾಗಿ ಕೇಳುತ್ತೆ, ಅಷ್ಟೇ. ನುಡಿಸಿದ. ತಂತಿಯನ್ನು ಬಾಗಿಸಿ ಸ್ವರವನ್ನು ಎಳೆದು ತರೋದರಲ್ಲಿ ಅವನದು ಪಳಗಿದ ಕೈ. ಆ ಎಳೆತ ಕೀಬೋರ್ಡಿನ ಗಿಟಾರಿನಲ್ಲಿ ಸುಲಭಕ್ಕೆ ಸಿಗೋದಿಲ್ಲ. ಅವನ ಸದ್ದು ಸಪ್ಪೆ ಇದ್ದದ್ದಕ್ಕೆ ಬೇರೆ ಕಾರಣ ಇತ್ತು. ಗಿಟಾರಿನ ವೈರನ್ನು ನೇರ ಮಿಕ್ಸರಿನ ಲೈನಿಗೆ ಚುಚ್ಚುತ್ತಿದ್ದರು. ಗಿಟಾರಿನ ಪಿಕಪ್ಪಿಗೂ ಆ ಲೈನಿಗೂ ಹೊಂದಾಣಿಕೆ ಇಲ್ಲ, ಮೇಲಿನ ಹೊಳಪೆಲ್ಲ ಅಲ್ಲೇ ಸತ್ತುಹೋಗುತ್ತೆ. ನಡುವೆ ಬಫರ್ ಇರುವ ಯಾವ ಪೆಡಲ್ ಬಂದರೂ ಅರ್ಧ ಜೀವ ಬರುತ್ತೆ.

ಹುಡುಕಿದಾಗ ಮಿರಜಿನ ಕಡೆ, ವಾದ್ಯ ಬಿಟ್ಟು ಅಂಗಡಿ ಹಾಕಿದ ಒಬ್ಬರ ಹತ್ತಿರ ಲೈನ್ 6 ಕಂಪನಿಯ ಎಂಎಂ4 ಸಿಕ್ಕಿತು. ಹಳೇ ಮಾಲು, ನೀಲಿ ಡಬ್ಬಿ, ನಾಲ್ಕು ಸ್ವಿಚ್ಚು, ಒಳಗೆ ಹದಿನಾರು ಬಗೆ. ಕಂಪನಿ ಈಗ ಅದನ್ನು ಮಾಡೋದಿಲ್ಲ. ಹುಡುಗ ಎರಡು ವರ್ಷದ ಕಾರ್ಯಕ್ರಮದ ರೊಕ್ಕದಲ್ಲಿ ಕೂಡಿಸಿಟ್ಟಿದ್ದಕ್ಕೇ ಬಂತು. ಅದನ್ನು ಕೊಳ್ಳುವವರು ಒಂದು ವಿಷಯ ನೋಡಬೇಕು. ಬಹುತೇಕ ಪೆಡಲ್‌ಗಳಿಗೆ 9 ವೋಲ್ಟಿನ ಡಿ.ಸಿ. ಅಡಾಪ್ಟರ್ ಆಗುತ್ತೆ, ಇದಕ್ಕೆ ಬೇಕಾದ್ದು 9 ವೋಲ್ಟಿನ ಎ.ಸಿ. ಜತೆಗೆ ಬಂದ ಅಡಾಪ್ಟರ್ ಇಲ್ಲದೆ ಕೊಳ್ಳಬೇಡಿ. ನಿಮ್ಮೂರಿನ ಕರೆಂಟನ್ನೂ ಜನರೇಟರನ್ನೂ ನಂಬಿ ಸಿಕ್ಕಿದ್ದನ್ನು ಚುಚ್ಚಲೂ ಬೇಡಿ.

ನಾಲ್ಕು ಸ್ವಿಚ್ಚಿಗೆ ನಾಲ್ಕು ಸದ್ದು ಕೂಡಿಸಿದೆವು. ಒಂದನೇದು ಕೋರಸ್: ವೇಗ ತೀರಾ ಕಮ್ಮಿ, ಆಳ ಅರ್ಧ, ಪ್ರೇಮಗೀತೆಗೆ. ಎರಡನೇದು ಫೇಸರ್, ಡಿಸ್ಕೊ ಹೊಡೆತಕ್ಕೆ. ಮೂರನೇದು ತಿರುಗುವ ಸ್ಪೀಕರಿನ ನಕಲು, ಹಳೇ ಆರ್ಗನ್ ಇರುವ ಹಾಡಿಗೆ. ನಾಲ್ಕನೇದು ಟ್ರೆಮೊಲೊ, ದುಃಖದ ಹಾಡಿಗೆ. ಫ್ಲ್ಯಾಂಜರ್ ಬೇಕು ಅಂತ ಹುಡುಗ ಹಟ ಹಿಡಿದ. ರಾತ್ರಿಗೆ ಒಂದೇ ಹಾಡಿಗೆ ಅಂತ ಮಾತು ತಗೊಂಡು, ಟ್ರೆಮೊಲೊ ತೆಗೆದು ಹಾಕಿಕೊಟ್ಟೆ. ಫ್ಲ್ಯಾಂಜರ್ ಅನ್ನೋದು ಉಪ್ಪಿನಕಾಯಿ, ಅನ್ನ ಅಲ್ಲ ಸ್ವಾಮಿ!

ಗಣಪತಿ ಕೂತ ಐದನೇ ರಾತ್ರಿ ನಾನೂ ಪೆಂಡಾಲಿನ ಹಿಂದೆ ನಿಂತಿದ್ದೆ. ಮೂರನೇ ಹಾಡಿಗೆ ಹುಡುಗ ಕಾಲು ಒತ್ತಿದ. ಕೋರಸ್ ಹರಡಿತು. ಕೀಬೋರ್ಡಿನವ ಕತ್ತು ತಿರುಗಿಸಿ ನೋಡಿ, ತನ್ನ ಕೈಯನ್ನು ಕೊಂಚ ಹಗುರ ಮಾಡಿದ, ಗಿಟಾರಿಗೆ ಜಾಗ ಬಿಟ್ಟ. ಮುಂದೆ ಕೂತ ಹುಡುಗರು ಶಿಳ್ಳೆ ಹೊಡೆದದ್ದು ಹಾಡುಗಾರನಿಗೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದೇ ಹಾಡಿಗೆ ಒನ್ಸ್ ಮೋರ್ ಬಂತು.

ಮಾಲಕರು ಸಾಮಾನು ಕಟ್ಟುವಾಗ ಹುಡುಗನ ಹತ್ತಿರ ಬಂದು ಕೇಳಿದ್ದು ಒಂದೇ: “ಆ ನೀಲಿ ಡಬ್ಬಿ ಎಷ್ಟು ಬಿತ್ತೋ?” ಬೆಲೆ ಕೇಳಿ ಹುಬ್ಬು ಏರಿಸಿದರು. ಪಗಾರ ಹೆಚ್ಚು ಮಾಡಲಿಲ್ಲ, ಆ ಮಾತು ಎತ್ತಲೂ ಇಲ್ಲ. ದೀಪಾವಳಿಯ ನಂತರದ ಎರಡು ತಾರೀಖು ಹೇಳಿ, ಬರ್ಕೋ ಅಂದರು. ಹುಡುಗ ಸೆಟ್ ಲಿಸ್ಟಿನ ಹಿಂದೆ ಬರೆದುಕೊಂಡ.

ಮುಂದಿನ ವಾರ ಆಕ್ಟೋಪ್ಯಾಡ್. ಕಾರ್ಡು ಹಾಕುವವರು ನಿಮ್ಮೂರಿನ ಆರ್ಕೆಸ್ಟ್ರಾದಲ್ಲಿ ತಬಲಾದವರು ಇನ್ನೂ ಇದ್ದಾರೋ ಇಲ್ಲವೋ ಅದನ್ನೂ ಬರೆಯಿರಿ.