ಗೋಲು ಹೊಡೆದರೆ ಮಾತ್ರ ಪ್ರಜೆಯೆ?

ಫ್ರಾನ್ಸಿನ ರಾಷ್ಟ್ರೀಯ ಕಾಲ್ಚೆಂಡಿನ ತಂಡದಲ್ಲಿ ಕಪ್ಪು ಮೈಬಣ್ಣದವರೂ ಅರಬ್ಬೀ ಹೆಸರಿನವರೂ ಇರುವುದನ್ನು ಕಂಡು, “ಇದೆಂಥ ಫ್ರೆಂಚ್ ತಂಡ?” ಎಂದು ಮೂಗು ಮುರಿಯುವವರಿದ್ದಾರೆ. ಹೊರಗಿನಿಂದ ಆಟಗಾರರನ್ನು ತಂದು ಫ್ರಾನ್ಸಿನ ತಂಡವೆಂದು ಹೆಸರಿಡುವುದು ಕೃತಕವೆಂದು ನ್ಯಾಶನಲ್ ಫ್ರಂಟ್ ಪಕ್ಷದ ನಾಯಕ ಲೆ ಪೆನ್ 1996ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಈ ಪ್ರಶ್ನೆಗೆ ಉತ್ತರವು ಆಟದ ಬಯಲಿನಲ್ಲಿ ಸಿಕ್ಕದು. ಅದನ್ನು ಗಣಿಯಲ್ಲಿ, ಕಟ್ಟಡದ ಕೆಲಸದಲ್ಲಿ, ಸಾಮ್ರಾಜ್ಯದ ಚರಿತ್ರೆಯಲ್ಲಿ ಹುಡುಕಬೇಕು.

ವಲಸೆ ಬಂದವರ ಮಕ್ಕಳು ಆ ತಂಡಕ್ಕೆ ಸೇರಿದ್ದು ನಿನ್ನೆ ಮೊನ್ನೆಯಲ್ಲ. 1958ರ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಮೂರನೆಯ ಸ್ಥಾನ ಪಡೆದಾಗ ತಂಡಕ್ಕೆ ಬೆನ್ನೆಲುಬಾಗಿದ್ದವರು ರೇಮೊಂಡ್ ಕೋಪಾ. ಅವರದು ಪೋಲೆಂಡಿನಿಂದ ಕಲ್ಲಿದ್ದಲಿನ ಗಣಿಗೆ ದುಡಿಯಲು ಬಂದವರ ಮನೆತನ. ತಾವೂ ಎಳೆಯ ವಯಸ್ಸಿನಲ್ಲಿಯೇ ಗಣಿಗಿಳಿದು, ಅಪಘಾತದಲ್ಲಿ ಬೆರಳನ್ನು ಕಳೆದುಕೊಂಡವರು. ಗಣಿಗೆ ಆಳು ಬೇಕಾಗಿತ್ತು, ಪೋಲರು ಬಂದರು. ಎರಡನೆಯ ಮಹಾಯುದ್ಧದ ತರುವಾಯ ಕಾರ್ಖಾನೆಗೂ ಕಟ್ಟಡಕ್ಕೂ ಆಳು ಬೇಕಾಯಿತು, ಅಲ್ಜೀರಿಯಾದವರು ಬಂದರು. ಇವರು ಕರೆಯದೆ ಬಂದ ನೆಂಟರಲ್ಲ.

ಜಿನೆದಿನ್ ಜಿದಾನರ ತಂದೆ 1953ರಲ್ಲಿ ಅಲ್ಜೀರಿಯಾದ ಗುಡ್ಡಗಾಡಿನಿಂದ ಬಂದು, ಪ್ಯಾರಿಸ್ಸಿನ ಅಂಚಿನ ಸೇಂಟ್ ಡೆನಿಸ್‌ನಲ್ಲಿ ಕಟ್ಟಡದ ಕೂಲಿ ಮಾಡಿದರು. 1998ರ ಜುಲೈ 12ರಂದು ಅದೇ ಸೇಂಟ್ ಡೆನಿಸ್‌ನಲ್ಲಿ ಮಗ ಎರಡು ಗೋಲು ಹೊಡೆದು ಫ್ರಾನ್ಸಿಗೆ ಮೊದಲನೆಯ ವಿಶ್ವಕಪ್ಪನ್ನು ಗೆದ್ದುಕೊಟ್ಟರು. ಇಡೀ ದೇಶ ಮಗನ ಹೆಸರನ್ನು ಕೂಗಿತು. ತಂದೆಯ ಜೊತೆಯಲ್ಲಿ ಇಟ್ಟಿಗೆ ಹೊತ್ತವರ ಹೆಸರನ್ನು ಯಾರೂ ಕೇಳಲಿಲ್ಲ.

ಆ ತಂಡದ ಲಿಲಿಯನ್ ತುರಾಮ್ ಗ್ವಾಡಲೂಪ್ ದ್ವೀಪದಲ್ಲಿ ಹುಟ್ಟಿದವರು. ಫ್ರೆಂಚರು ಆ ದ್ವೀಪವನ್ನು ಹಿಡಿದದ್ದು 1635ರಲ್ಲಿ. ಫ್ರಾನ್ಸಿನದೇ ಎನ್ನುವ ನೀಸ್ ಪಟ್ಟಣ ಆ ದೇಶಕ್ಕೆ ಸೇರಿದ್ದು 1860ರಲ್ಲಿ. ಹಾಗಾದರೆ ಹೊರಗಿನವರು ಯಾರು? ಅದೇ ತಂಡದ ಕ್ರಿಸ್ಟಿಯನ್ ಕರೆಂಬೊ ನ್ಯೂ ಕ್ಯಾಲಿಡೋನಿಯಾ ದ್ವೀಪಗಳವರು. 1931ರಲ್ಲಿ ಪ್ಯಾರಿಸ್ಸಿನಲ್ಲಿ ವಸಾಹತುಗಳ ಮಹಾಪ್ರದರ್ಶನ ನಡೆದಾಗ ಅವರ ಮುತ್ತಜ್ಜನನ್ನೂ ಸಂಗಡಿಗರನ್ನೂ ನರಭಕ್ಷಕರೆಂದು ಹೇಳಿ ಜನರಿಗೆ ತೋರಿಸಿದ್ದರು. ಮುತ್ತಜ್ಜನನ್ನು ಪ್ರದರ್ಶನಕ್ಕಿಟ್ಟ ದೇಶಕ್ಕೆ ಮರಿಮಗ ಕಪ್ಪು ತಂದುಕೊಟ್ಟರು.

ಗೆದ್ದಾಗ ಹೊಗಳಿದ ನಾಲಗೆಯೇ ಸೋತಾಗ ಬೇರೆ ಮಾತಾಡಿತು. 2010ರಲ್ಲಿ ತಂಡ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಾಗ, ಬಡ ಕೇರಿಗಳ ಹುಡುಗರಿಂದಲೇ ಕೆಟ್ಟಿತೆಂದು ದೊಡ್ಡವರೆನಿಸಿಕೊಂಡವರು ಬೈದರು. ತರಬೇತಿ ಕೇಂದ್ರಗಳಲ್ಲಿ ಎರಡು ದೇಶಗಳ ಪೌರತ್ವಕ್ಕೆ ಹಕ್ಕುಳ್ಳ ಹುಡುಗರ ಸಂಖ್ಯೆಗೆ ಮಿತಿ ಹಾಕುವ ಮಾತು ಕಾಲ್ಚೆಂಡು ಮಂಡಳಿಯ ಒಳಗೆ ನಡೆದಿದ್ದುದು 2011ರಲ್ಲಿ ಬಯಲಾಯಿತು. 2018ರಲ್ಲಿ ಮತ್ತೆ ಗೆದ್ದರು, ಮತ್ತೆ ಜಯಕಾರವಾಯಿತು. 2022ರ ಅಂತಿಮ ಪಂದ್ಯದಲ್ಲಿ ಪೆನಾಲ್ಟಿ ತಪ್ಪಿದ ಕೋಮನ್ ಮತ್ತು ಚುವಾಮೆನಿ ಅವರ ಮೇಲೆ ಬಣ್ಣದ ಬೈಗುಳಗಳ ಮಳೆಯೇ ಸುರಿಯಿತು.

ಇದಕ್ಕೆ ಪ್ರತಿಯಾಗಿ ಒಳ್ಳೆಯ ಮನಸ್ಸಿನವರು ಕೂಡ, “ಇವರು ದೇಶಕ್ಕೆ ಕಪ್ಪು ಗೆದ್ದುಕೊಟ್ಟವರಲ್ಲವೆ?” ಎನ್ನುತ್ತಾರೆ. ಈ ವಾದವನ್ನು ನಾವು ಒಪ್ಪಲಾರೆವು. ಇದು ಪೌರತ್ವಕ್ಕೆ ಬೆಲೆ ಕಟ್ಟುವ ಮಾತು. ಗೋಲು ಹೊಡೆಯುವವರು ಹತ್ತು ಮಂದಿ. ಬೀದಿ ಗುಡಿಸುವವರು, ಕಾರು ಜೋಡಿಸುವವರು, ಆಸ್ಪತ್ರೆಯ ನೆಲ ತೊಳೆಯುವವರು ಲಕ್ಷಾಂತರ ಮಂದಿ. ಅವರು ಯಾವ ಕಪ್ಪನ್ನು ತಂದು ತೋರಿಸಬೇಕು?

ಹಕ್ಕು ಅರ್ಧವಾದರೆ ಕೂಲಿಯೂ ಅರ್ಧವಾಗುತ್ತದೆ. ಆಗ ಪಕ್ಕದಲ್ಲಿ ನಿಂತು ದುಡಿಯುವವನ ಕೂಲಿಯೂ ಇಳಿಯುತ್ತದೆ. ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಗಾರರು ಕಾದು ನಿಲ್ಲುವುದನ್ನು ಕಂಡ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ, ಆಟಗಾರನಿಗೆ ಕೊಡುವ ಮರ್ಯಾದೆ ಅವನ ಕೇರಿಯ ಕೂಲಿಕಾರನಿಗೂ ಸಲ್ಲಬೇಕು; ಅದೂ ಸೋತ ದಿನವೂ ಸಲ್ಲಬೇಕು.