ಕಡಲಿಗೆ ಪಹಣಿ ಇಲ್ಲವೆಂದು ಕೇಣಿಯನ್ನು ಕಸಿಯಬೇಡಿ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಕೇಣಿ ಕಡಲತೀರದಲ್ಲಿ ಸುಮಾರು ₹4,119 ಕೋಟಿ ವೆಚ್ಚದಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆಯನ್ನು ರಾಜ್ಯ ಸರ್ಕಾರ ಕೈಬಿಡಬೇಕು. 2025ರ ಫೆಬ್ರವರಿಯಲ್ಲಿ ಸಮುದ್ರದಲ್ಲಿ ಸಮೀಕ್ಷೆ ಶುರುವಾದಾಗ ಮೀನುಗಾರರು ನೀರಿಗಿಳಿದು ಪ್ರತಿಭಟಿಸಿದರು. ಆಡಳಿತ ನಿಷೇಧಾಜ್ಞೆಯ ಉತ್ತರ ಕೊಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗೆ ಜನ ಕಿಕ್ಕಿರಿದು ಬಂದು ಬಂದರು ಬೇಡವೆಂದರು. ಇನ್ನೆಷ್ಟು ಸಲ ಹೇಳಬೇಕು?

ಹೀಗೆ ಹೇಳಿದವರಿಗೆ ‘ಅಭಿವೃದ್ಧಿ ವಿರೋಧಿಗಳು’ ಎಂಬ ಹಣೆಪಟ್ಟಿ ಸಿದ್ಧವಾಗಿದೆ. ಆದರೆ ಕೈಗಾ ಅಣುಸ್ಥಾವರ, ಕಾಳಿ ನದಿಯ ಅಣೆಕಟ್ಟುಗಳು, ಕೊಂಕಣ ರೈಲು, ಚತುಷ್ಪಥ ಹೆದ್ದಾರಿ ಎಲ್ಲಕ್ಕೂ ಜಾಗ ಬಿಟ್ಟುಕೊಟ್ಟ ಜಿಲ್ಲೆ ಉತ್ತರ ಕನ್ನಡ. ಸೀಬರ್ಡ್ ನೌಕಾನೆಲೆಗಾಗಿ ಬಿಣಗಾ, ಅರ್ಗಾ ಕಡಲತೀರಗಳಿಂದ ಎದ್ದುಹೋದ ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟಿಗೆ ಅಲೆದವು. ಹೆದ್ದಾರಿಗೆಂದು ಗುಡ್ಡ ಕಡಿದ ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಆ ಗುಡ್ಡವೇ ಕುಸಿದು ಹಲವರ ಜೀವ ಹೋಯಿತು. ತ್ಯಾಗದ ಪಾಠವನ್ನು ಈ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೀನುಗಾರರು ಕಳೆದುಕೊಳ್ಳುವುದನ್ನು ಅಳೆಯುವ ಕೋಲೇ ನಮ್ಮ ಕಂದಾಯ ವ್ಯವಸ್ಥೆಯಲ್ಲಿಲ್ಲ. ರಂಪಣಿ ಬಲೆಯನ್ನೇ ನೋಡಿ. ದೋಣಿ ಅರ್ಧಚಂದ್ರಾಕಾರದಲ್ಲಿ ಸುತ್ತುತ್ತ ಬಲೆ ಬಿಡುತ್ತದೆ. ದಡದಲ್ಲಿ ಎರಡೂ ಕಡೆ ಹತ್ತಾರು ಜನ ಸಾಲುಗಟ್ಟಿ ಹಗ್ಗ ಎಳೆಯುತ್ತಾರೆ. ಬಂಗುಡೆ, ತಾರ್ಲೆ ಏನೇ ಬಿದ್ದರೂ ಎಳೆದವರಿಗೆಲ್ಲ ಪಾಲು. ಉಳಿದ ಮೀನನ್ನು ಹೆಂಗಸರು ಅದೇ ಮರಳಲ್ಲಿ ಒಣಗಿಸಿ ಮಳೆಗಾಲದ ಮಾರಾಟಕ್ಕೆ ಕಾಯ್ದಿಡುತ್ತಾರೆ. ಇದಕ್ಕೆಲ್ಲ ಬೇಕಾದದ್ದು ಅಡ್ಡಿಯಿಲ್ಲದ ದಡ. ಆ ದಡಕ್ಕೆ ಪಹಣಿ ಇಲ್ಲ, ಒಣಮೀನು ಮಾರುವ ಹೆಂಗಸಿನ ಹೆಸರು ಯಾವ ಪರಿಹಾರದ ಪಟ್ಟಿಗೂ ಏರುವುದಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಖಾಲಿ ಜಾಗವೆಂದು ಎಣಿಸುವುದೇ ಈ ಯೋಜನೆಯ ಮೂಲ ಅನ್ಯಾಯ.

ಬಂದರೆಂದರೆ ಬರೀ ಒಂದು ಧಕ್ಕೆಯಲ್ಲ. ದೊಡ್ಡ ಹಡಗು ಬರಬೇಕಾದರೆ ಹೂಳೆತ್ತಿ ಕಾಲುವೆ ಆಳ ಮಾಡಬೇಕು, ಆ ಹೂಳನ್ನು ಎಲ್ಲಾದರೂ ಸುರಿಯಬೇಕು, ಅಲೆ ತಡೆಯಲು ಸಮುದ್ರದೊಳಕ್ಕೆ ಕಲ್ಲಿನ ತಡೆಗೋಡೆ ಚಾಚಬೇಕು. ತೀರದುದ್ದಕ್ಕೂ ಸಾಗುವ ಮರಳು ಆ ತಡೆಗೋಡೆಯ ಒಂದು ಬದಿಯಲ್ಲಿ ರಾಶಿ ಬಿದ್ದರೆ, ಇನ್ನೊಂದು ಬದಿಯಲ್ಲಿ ಕಡಲ್ಕೊರೆತ ಶುರುವಾಗುತ್ತದೆ. ಉತ್ತರ ಕನ್ನಡದ ಕರಾವಳಿ ಇರುವುದೇ ಸುಮಾರು 140 ಕಿಲೋಮೀಟರ್. ಕಾರವಾರದಲ್ಲಿ ಬಂದರು ವಿಸ್ತರಣೆ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು, ನಡುವೆ ಕೇಣಿ. ಒಂದೊಂದರ ಪರಿಸರ ವರದಿ ಬೇರೆ ಬೇರೆ, ಸಮುದ್ರ ಮಾತ್ರ ಒಂದೇ. ಇದೇ ತೀರದ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಮಾನ್ಯತೆ ಸಿಕ್ಕಿತೆಂದು ಹೆಮ್ಮೆಪಟ್ಟವರೂ ನಾವೇ.

ಉದ್ಯೋಗ ಬರುತ್ತದೆ ಎನ್ನುತ್ತಾರೆ. ಯಂತ್ರಗಳೇ ಕಲ್ಲಿದ್ದಲು, ಅದಿರು ಇಳಿಸುವ ಬಂದರಿನಲ್ಲಿ ರಂಪಣಿ ಎಳೆಯುವವರಿಗೆ, ಬುಟ್ಟಿ ಹೊರುವವರಿಗೆ ಯಾವ ಕೆಲಸ? ಪಕ್ಕದ ಬೇಲೆಕೇರಿ ಬಂದರಿನಿಂದ ಅಕ್ರಮವಾಗಿ ಅದಿರು ಸಾಗಿದ ಕಥೆ 2011ರ ಲೋಕಾಯುಕ್ತ ವರದಿಯಲ್ಲಿದೆ. ಅದರ ಲಾಭ ಮೀನುಗಾರರ ಮನೆ ಸೇರಲಿಲ್ಲ. ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿರುವುದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಕೇಳಿದ್ದನ್ನು ಕೊಡದ ಸರ್ಕಾರ ಕೇಳದ್ದನ್ನು ಪೊಲೀಸರ ಕಾವಲಿನಲ್ಲಿ ತರುವುದೇಕೆ?

ಅಹವಾಲು ಸಭೆಯ ವಿರೋಧಕ್ಕೆ ಯೋಜನೆ ನಿಲ್ಲಿಸುವ ಕಾನೂನಿನ ಬಲವಿಲ್ಲ, ಅದು ನಡಾವಳಿಯ ಪುಟ ಸೇರುತ್ತದೆ ಅಷ್ಟೆ. ಆದ್ದರಿಂದ ಹೊಣೆ ಚುನಾಯಿತ ಸರ್ಕಾರದ್ದೇ. ಕೇಣಿ ಯೋಜನೆ ರದ್ದಾಗಲಿ. ಇಡೀ ಕರಾವಳಿಯ ಧಾರಣಶಕ್ತಿಯ ಅಧ್ಯಯನ ಮುಗಿಯುವವರೆಗೆ ಜಿಲ್ಲೆಯಲ್ಲಿ ಹೊಸ ವಾಣಿಜ್ಯ ಬಂದರು ಬೇಡ. ಬಲೆ ಎಳೆಯುವ, ಮೀನು ಒಣಗಿಸುವ ಜಾಗಗಳನ್ನು ಗುರುತಿಸಿ ಮೀನುಗಾರರ ಹಕ್ಕೆಂದು ದಾಖಲಿಸಲಿ. ಕರಾವಳಿಯ ಶಾಸಕರು, ಸಂಸದರು ತಾವು ಯಾರ ಪರ ಎಂಬುದನ್ನು ಈಗಲೇ, ಬಾಯಿಬಿಟ್ಟು ಹೇಳಲಿ.