ಸರ್ವರ್ ಅಲ್ಲ ಸ್ವಾಮಿ, ಕಾರ್ಡು!

ಪಹಣಿಗೆ ಹೋದರೆ ಸರ್ವರ್ ಇಲ್ಲ. ಪಿಂಚಣಿ ಅರ್ಜಿಗೆ ಹೋದರೆ ಸರ್ವರ್ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಪಂಚಾಯಿತಿ ಕಟ್ಟೆ ಮೇಲೆ ಕೂತವರಿಗೆ ಸಿಗುವ ಉತ್ತರ ಇದೊಂದೇ. ಈ ಉತ್ತರವನ್ನು ಇನ್ನು ಒಪ್ಪಿಕೊಳ್ಳಬಾರದು ಎನ್ನುವುದು ನಮ್ಮ ವಾದ.

ಸರ್ವರ್ ಇರುವುದು ದೂರದ ಊರಲ್ಲಿ. ಅದು ಕೆಟ್ಟರೆ ಎಲ್ಲರಿಗೂ ಕೆಡಬೇಕು. ಪಕ್ಕದ ತಾಲ್ಲೂಕಿನಲ್ಲಿ ಪಹಣಿ ಬರುತ್ತಿದೆ, ನಿಮ್ಮಲ್ಲಿ ಬರುತ್ತಿಲ್ಲ ಅಂದರೆ ಕೆಟ್ಟಿರುವುದು ನಡುವಿನ ದಾರಿ.

ಆ ದಾರಿ ಹೀಗಿದೆ. ನೆಲದಡಿಯ ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಕಂಪ್ಯೂಟರಿಗೆ ಗೊತ್ತಿರುವುದು ವಿದ್ಯುತ್ತಿನ ಭಾಷೆ. ನಡುವೆ ದುಭಾಷಿ ಬೇಕು. ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಅದು ಯಂತ್ರದೊಳಗೆ ಕೂರಿಸಿದ ಕಾರ್ಡು. ಕಾರ್ಡಿನ ಒಂದೊಂದು ಕಿಂಡಿಗೂ ಹೆಬ್ಬೆರಳಿನಷ್ಟು ಉದ್ದದ ಎಸ್‌ಎಫ್‌ಪಿ ಮಾಡ್ಯೂಲ್. ಪಂಚಾಯಿತಿಯಲ್ಲಿ ಅದು ಗೋಡೆಯ ಮೇಲಿನ ಓಎನ್‌ಟಿ ಡಬ್ಬಿ. ತಾಲ್ಲೂಕಿನ ಒಂದೇ ಕಿಂಡಿಯ ಬೆಳಕನ್ನು ಸ್ಪ್ಲಿಟರ್ ಒಡೆದು ಹಲವು ಪಂಚಾಯಿತಿಗಳಿಗೆ ಹಂಚುತ್ತದೆ. ಹಾಗಾಗಿ ಒಂದು ಮಾಡ್ಯೂಲ್ ಸತ್ತರೆ ಅದರ ಕೆಳಗಿನ ಊರುಗಳೆಲ್ಲ ಒಟ್ಟಿಗೇ ಕತ್ತಲು. ಮಜಾ ಏನೆಂದರೆ ಮಾಡ್ಯೂಲನ್ನು ಯಂತ್ರ ಆರಿಸದೆಯೇ ಎಳೆದು ಬೇರೆಯದು ಚುಚ್ಚಬಹುದು. ಕೆಲಸ ನಿಮಿಷಗಳದ್ದು, ಕಾಯುವುದು ವಾರಗಟ್ಟಲೆ. ದೇವರು ಕೊಟ್ಟರೂ ಪೂಜಾರಿ ಕೊಡ!

ಯಾಕೆ ಹೀಗೆ? ಭಾರತ್‌ನೆಟ್ಟನ್ನು ನಮ್ಮ ದೇಶ ಅಳೆಯುವುದೇ ಕೇಬಲಿನ ಕಿಲೋಮೀಟರಿನಲ್ಲಿ. 2011ರಲ್ಲಿ ಬೇರೆ ಹೆಸರಲ್ಲಿ ಮಂಜೂರಾದ ಈ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿ. 2023ರ ಆಗಸ್ಟಿನಲ್ಲಿ ಪರಿಷ್ಕೃತ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ ಮೊತ್ತ 1,39,579 ಕೋಟಿ ರೂಪಾಯಿ. ಪಂಚಾಯಿತಿ ತಲುಪಿದರೆ ಕಾಗದದಲ್ಲಿ ಅದು ‘ಸರ್ವಿಸ್ ರೆಡಿ’. ನಾಲೆ ಎಷ್ಟು ಮೈಲಿ ತೋಡಿದೆವು ಅಂತ ಲೆಕ್ಕ ಕೊಟ್ಟು, ಕೊನೆಯ ಗದ್ದೆಗೆ ನೀರು ಬಂತಾ ಅಂತ ಕೇಳದ ಇಂಜಿನಿಯರ್ ಥರ ಇದು.

ಇನ್ನೊಂದು ಕಿತಾಪತಿ ಇದೆ. ಎಸ್‌ಎಫ್‌ಪಿಯ ಅಳತೆ, ಪಿನ್ನು ಎಲ್ಲ ಕಂಪನಿಗಳಿಗೂ ಒಂದೇ ಇರಲಿ ಅಂತ ತಯಾರಕರೇ ಒಪ್ಪಂದ ಮಾಡಿಕೊಂಡಿದ್ದಾರೆ. ಆದರೂ ಕೆಲವು ಯಂತ್ರಗಳು ಮಾಡ್ಯೂಲಿನೊಳಗಿನ ಬ್ರ್ಯಾಂಡ್ ಗುರುತು ಓದಿ, ಬೇರೆ ಕಂಪನಿಯದಾದರೆ ಬೇಡ ಅನ್ನುತ್ತವೆ. ಟೆಂಡರಿನಲ್ಲೇ ಇದಕ್ಕೆ ತಡೆ ಹಾಕಬೇಕು. ಪ್ರತಿ ತಾಲ್ಲೂಕಿನಲ್ಲಿ ಬಿಡಿ ಮಾಡ್ಯೂಲ್, ಬಿಡಿ ಓಎನ್‌ಟಿ, ಅಡಾಪ್ಟರ್ ಬೀರುವಿನಲ್ಲಿರಬೇಕು. ಎಷ್ಟು ದಿನ ಸಂಪರ್ಕ ಇರಲಿಲ್ಲ ಅನ್ನುವುದು ಪಂಚಾಯಿತಿ ಬೋರ್ಡಿನ ಮೇಲೆ ಬರಬೇಕು.

ಅಲ್ಲಿಯವರೆಗೆ ನೀವೇ ಡಬ್ಬಿ ನೋಡಿ. ಯಾವ ದೀಪವೂ ಇಲ್ಲ ಅಂದರೆ ಕರೆಂಟು, ಬ್ಯಾಟರಿ ಅಥವಾ ಡಬ್ಬಿಯದೇ ತೊಂದರೆ. ‘ಲಾಸ್’ ದೀಪ ಕೆಂಪಗಿದ್ದರೆ ಬೆಳಕೇ ಬರುತ್ತಿಲ್ಲ. ಪಕ್ಕದ ಪಂಚಾಯಿತಿಗೆ ಫೋನ್ ಹಚ್ಚಿ: ಅಲ್ಲೂ ಕೆಂಪಾದರೆ ತಾಲ್ಲೂಕಿನ ಕಾರ್ಡೋ ಮುಖ್ಯ ಕೇಬಲೋ ಹೋಗಿದೆ, ನಿಮ್ಮಲ್ಲಿ ಮಾತ್ರ ಕೆಂಪಾದರೆ ಬಹುಶಃ ನಿಮ್ಮೂರಿನ ಎಳೆ ತುಂಡಾಗಿದೆ. ‘ಪಾನ್’ ದೀಪ ಹಸಿರಾಗಿ ನಿಂತಿದ್ದರೆ ಎಕ್ಸ್‌ಚೇಂಜಿನವರೆಗೆ ದಾರಿ ಸರಿ ಇದೆ, ಆಗ ಬೇಕಾದರೆ ಸರ್ವರನ್ನು ಬೈಯಿರಿ. ಒಂದು ಫೋಟೊ ತೆಗೆದು, ತಾರೀಕು ಬರೆದು, ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಡಬ್ಬಿ ಬೀರುವಿನೊಳಗಿದ್ದರೆ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ಕೇಳಿ.